ಬೆಂಚು ಬಿಟ್ಟೆದ್ದರೆ ಪಾಠಕ್ಕೆ ನಷ್ಟವೇ? ತರಗತಿಯೊಳಗಿನ ಚಟುವಟಿಕೆ, ಕಲಿಕೆ ಮತ್ತು ಆರೋಗ್ಯ

ಜನವರಿ ಬಂತೆಂದರೆ ನಮ್ಮ ಅನೇಕ ಪ್ರೌಢಶಾಲೆಗಳ ಹತ್ತನೇ ತರಗತಿಯಲ್ಲಿ ಪಿ.ಟಿ. ಪೀರಿಯಡ್ ಸದ್ದಿಲ್ಲದೆ ಗಣಿತಕ್ಕೋ ವಿಜ್ಞಾನಕ್ಕೋ ಸಂದುಹೋಗುತ್ತದೆ. ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಅದು ಹಾಗೆಯೇ ಇರುತ್ತದೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಾದಂತೆ ವಿಷಯ ಶಿಕ್ಷಕರು ಅದನ್ನು ಕೇಳಿ ಪಡೆಯುತ್ತಾರೆ, ದೈಹಿಕ ಶಿಕ್ಷಣ ಶಿಕ್ಷಕರು ಬಿಟ್ಟುಕೊಡುತ್ತಾರೆ, ಪೋಷಕರು ಒಳಗೊಳಗೇ ಸಮಾಧಾನಪಡುತ್ತಾರೆ. ಈ ಹೊಂದಾಣಿಕೆಯ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆಯಿದೆ: ಮಗುವಿನ ಮೈ ಚಲಿಸಿದಷ್ಟು ಹೊತ್ತು ಪಾಠದಿಂದ ಕಳೆದುಹೋದ ಹೊತ್ತು. ಈ ನಂಬಿಕೆ ಸರಿಯೇ ಎಂದು ಹಲವು ದೇಶಗಳಲ್ಲಿ ಎಪ್ಪತ್ತು ವರ್ಷಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅದು ತಪ್ಪೆಂದು ಹೇಳಲು ಸಾಕಷ್ಟು ಆಧಾರವಿದೆ. ಆದರೆ ಅದಕ್ಕೆ ಎದುರಾಗಿ ಇತ್ತೀಚೆಗೆ ಉತ್ಸಾಹದಿಂದ ಹೇಳಲಾಗುತ್ತಿರುವ ಮಾತು, ಅಂದರೆ ತರಗತಿಯಲ್ಲಿ ಹತ್ತು ನಿಮಿಷ ಕುಣಿಸಿದರೆ ಅಂಕ ಏರುತ್ತದೆ, ಬೊಜ್ಜು ಇಳಿಯುತ್ತದೆ ಎಂಬುದು ಕೂಡ ಪೂರ್ತಿ ನಿಲ್ಲುವಂಥದ್ದಲ್ಲ. ಇವೆರಡರ ನಡುವೆ ಪುರಾವೆ ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂಬುದನ್ನು ಬಿಡಿಸಿ ನೋಡಿದರೆ ಮಾತ್ರ ನಮ್ಮ ಶಾಲೆಗಳಿಗೆ ಉಪಯೋಗವಾಗುವ ಸಂಗತಿ ಸಿಗುತ್ತದೆ.

ಮೊದಲು ಮೂರು ಬೇರೆ ಬೇರೆ ವಿಷಯಗಳನ್ನು ಪ್ರತ್ಯೇಕಿಸಿಕೊಳ್ಳಬೇಕು. ಮೈದಾನದಲ್ಲಿ ನಡೆಯುವ ಆಟ ಮತ್ತು ದೈಹಿಕ ಶಿಕ್ಷಣದ ಪೀರಿಯಡ್ ಒಂದು. ಪಾಠದ ನಡುವೆ ಪುಸ್ತಕ ಮುಚ್ಚಿ ಐದು-ಹತ್ತು ನಿಮಿಷ ಎದ್ದು ಕೈಕಾಲು ಆಡಿಸುವ ವಿರಾಮ ಇನ್ನೊಂದು. ಮೂರನೆಯದರಲ್ಲಿ ಪಾಠವೇ ಚಲನೆಯ ಮೂಲಕ ನಡೆಯುತ್ತದೆ. ಮಗ್ಗಿಯನ್ನು ಜಿಗಿಯುತ್ತ ಹೇಳುವುದು, ಸಂಖ್ಯಾರೇಖೆಯ ಮೇಲೆ ನಡೆಯುವುದು ಇಂಥವು. ಪತ್ರಿಕೆಗಳ ವರದಿಗಳಲ್ಲಿ ಈ ಮೂರೂ ಕಲಸಿಹೋಗಿರುತ್ತವೆ. ಒಂದರ ಫಲವನ್ನು ಇನ್ನೊಂದರ ಹೆಸರಿಗೆ ಬರೆಯಲಾಗುತ್ತದೆ. ಈ ಲೇಖನ ಮುಖ್ಯವಾಗಿ ಎರಡನೆಯ ಮತ್ತು ಮೂರನೆಯ ಬಗೆಯ ಕುರಿತಾದದ್ದು.

ಸಮಯದ ಲೆಕ್ಕ

ಪಾಠದ ಹೊತ್ತನ್ನು ಕಡಿತಗೊಳಿಸಿ ಮೈ ಆಡಿಸಲು ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಹೊಸದಲ್ಲ. 1950ರ ದಶಕದ ಆರಂಭದಲ್ಲಿ ಪ್ಯಾರಿಸ್ ಪಕ್ಕದ ವಾನ್ವ್ ಎಂಬಲ್ಲಿ ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ ಮತ್ತು ವ್ಯಾಯಾಮ ಎಂಬ ಏರ್ಪಾಡಿನ ಪ್ರಯೋಗ ನಡೆಯಿತು. 1970ರಿಂದ 1977ರವರೆಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ತ್ರ್ವಾ-ರಿವಿಯೇರ್ ಪ್ರದೇಶದಲ್ಲಿ ಪ್ರಾಥಮಿಕ ಶಾಲೆಯ 546 ಮಕ್ಕಳ ಮೇಲೆ ಇನ್ನೂ ಕಟ್ಟುನಿಟ್ಟಾದ ಅಧ್ಯಯನವಾಯಿತು. ಅಲ್ಲಿ ದಿನಕ್ಕೆ ಒಂದು ಗಂಟೆ ಹೆಚ್ಚುವರಿ ದೈಹಿಕ ಶಿಕ್ಷಣ ಕೊಡಲು ಉಳಿದ ಪಾಠಗಳ ಸಮಯವನ್ನು ಶೇ 13-14ರಷ್ಟು ಕಡಿತಗೊಳಿಸಲಾಗಿತ್ತು. ಅಷ್ಟು ಪಾಠ ಕಡಿಮೆಯಾದರೂ ಆ ಮಕ್ಕಳ ಶೈಕ್ಷಣಿಕ ಮಟ್ಟ ಉಳಿದವರಿಗಿಂತ ಕೆಳಗಿಳಿಯಲಿಲ್ಲ, ನಂತರದ ತರಗತಿಗಳಲ್ಲಿ ತುಸು ಮೇಲೆಯೇ ಇತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು (ಸಿಡಿಸಿ) 2010ರಲ್ಲಿ ಇಂಥ 50 ಅಧ್ಯಯನಗಳನ್ನು ಒಟ್ಟುಗೂಡಿಸಿ, ಶಾಲೆಯ ದೈಹಿಕ ಚಟುವಟಿಕೆಗೂ ಕಲಿಕೆಗೂ ನಡುವೆ ಅಳೆಯಲಾಗಿದ್ದ 251 ಸಂಬಂಧಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ 50.5ರಷ್ಟು ಕಲಿಕೆಗೆ ಅನುಕೂಲಕರವಾಗಿದ್ದವು, ಶೇ 48ರಷ್ಟರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಪ್ರತಿಕೂಲವಾಗಿದ್ದದ್ದು ಶೇ 1.5 ಮಾತ್ರ.

ಈ ಕೊನೆಯ ಅಂಕಿಯೇ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು. ಅರ್ಧದಷ್ಟು ಕಡೆ ಲಾಭವಾಯಿತು ಎಂಬುದನ್ನು ಉತ್ಸಾಹಿಗಳು ಎತ್ತಿ ಹೇಳುತ್ತಾರೆ, ಇನ್ನರ್ಧದಲ್ಲಿ ಏನೂ ಆಗಲಿಲ್ಲ ಎಂಬುದನ್ನು ಸಂಶಯವಾದಿಗಳು ಹಿಡಿದುಕೊಳ್ಳುತ್ತಾರೆ. ನಮ್ಮ ಮುಖ್ಯ ಶಿಕ್ಷಕರಿಗೆ ಬೇಕಾಗಿರುವ ಉತ್ತರ ಇವೆರಡೂ ಅಲ್ಲ. ಸಮಯ ಕೊಟ್ಟರೆ ಫಲಿತಾಂಶ ಕುಸಿಯುತ್ತದೆಯೇ ಎಂಬುದೇ ಅವರ ಭಯ. ಆ ಭಯಕ್ಕೆ ಆಧಾರವಿಲ್ಲವೆಂದು ಇಷ್ಟು ಅಧ್ಯಯನಗಳು ತೋರಿಸಿದ ಮೇಲೆ, ಚಟುವಟಿಕೆ ಬೇಕು ಎನ್ನುವವರು ಅಂಕ ಹೆಚ್ಚುತ್ತದೆಂದು ರುಜುವಾತು ಮಾಡಲೇಬೇಕಾದ ಹಂಗು ಉಳಿಯುವುದಿಲ್ಲ.

ಗಮನ ಎಂಬ ಗಟ್ಟಿ ಪುರಾವೆ

ತರಗತಿಯೊಳಗಿನ ಚಟುವಟಿಕೆಯಿಂದ ಖಚಿತವಾಗಿ ಬದಲಾಗುವ ಸಂಗತಿಯೆಂದರೆ, ಅದಾದ ನಂತರ ಮಗು ಪಾಠದ ಕಡೆ ಎಷ್ಟು ಹೊತ್ತು ಲಕ್ಷ್ಯ ಕೊಡುತ್ತದೆ ಎಂಬುದು. ಇದನ್ನು ಅಳೆಯುವ ವಿಧಾನ ಸರಳವಾಗಿದೆ. ತರಬೇತಾದ ವೀಕ್ಷಕರು ತರಗತಿಯ ಹಿಂದೆ ಕುಳಿತು, ಕೆಲವು ಸೆಕೆಂಡುಗಳಿಗೊಮ್ಮೆ ಒಂದು ಮಗುವನ್ನು ನೋಡಿ, ಅದು ಬರೆಯುತ್ತಿದೆಯೇ, ಶಿಕ್ಷಕರತ್ತ ನೋಡುತ್ತಿದೆಯೇ, ಅಥವಾ ಕಿಟಕಿಯಾಚೆ ನೋಡುತ್ತ, ಪಕ್ಕದವನನ್ನು ಚಿವುಟುತ್ತ, ಡೆಸ್ಕಿನ ಮೇಲೆ ತಲೆಯಿಟ್ಟು ಕುಳಿತಿದೆಯೇ ಎಂದು ಗುರುತು ಹಾಕಿಕೊಳ್ಳುತ್ತಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ದಿನಕ್ಕೆ 10 ನಿಮಿಷದ ಚಟುವಟಿಕೆಯನ್ನು ತರಗತಿಯಲ್ಲಿಯೇ ಅಳವಡಿಸಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಚಟುವಟಿಕೆಯ ನಂತರ ಪಾಠದಲ್ಲಿ ತೊಡಗಿರುವ ವರ್ತನೆ ಸರಾಸರಿ ಶೇ 8ರಷ್ಟು ಸುಧಾರಿಸಿತ್ತು. ಮೊದಲು ಅತಿ ಕಡಿಮೆ ಗಮನ ಕೊಡುತ್ತಿದ್ದ ಮಕ್ಕಳಲ್ಲಿ ಸುಧಾರಣೆ ಶೇ 20ರಷ್ಟಿತ್ತು. ಚಟುವಟಿಕೆ ನಡೆಸಿದ ತರಗತಿಗಳ ಮಕ್ಕಳು ಶಾಲೆಯ ದಿನವೊಂದರಲ್ಲಿ ಇತರರಿಗಿಂತ ಸರಾಸರಿ 782 ಹೆಜ್ಜೆ ಹೆಚ್ಚು ನಡೆದಿದ್ದರು. ತರಗತಿಯೊಳಗಿನ ಚಟುವಟಿಕೆಯ ಕುರಿತ 39 ಅಧ್ಯಯನಗಳನ್ನು 2017ರಲ್ಲಿ ಒಟ್ಟಾಗಿ ವಿಶ್ಲೇಷಿಸಿದಾಗಲೂ ಇದೇ ಚಿತ್ರ ಮೂಡಿತು: ಪಾಠದಲ್ಲಿ ತೊಡಗುವಿಕೆ ಸ್ಪಷ್ಟವಾಗಿ ಹೆಚ್ಚುತ್ತದೆ; ಪಾಠಕ್ಕೆ ಹತ್ತಿರವಾದ ಸಣ್ಣ ಪರೀಕ್ಷೆಗಳಲ್ಲಿ ಪ್ರಗತಿ ಕಾಣುತ್ತದೆ; ಆದರೆ ದೊಡ್ಡ, ಪ್ರಮಾಣೀಕೃತ ಪರೀಕ್ಷೆಗಳಿಂದ ಅಳೆದರೆ ಅದೇ ಪ್ರಗತಿ ಕಾಣುವುದಿಲ್ಲ.

ಮೆದುಳಿನಲ್ಲಿ ಏನಾಗುತ್ತದೆ ಎಂಬ ಬಗ್ಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಅವರ ತಂಡ ನಡೆಸಿದ ಅಧ್ಯಯನಗಳು ಹೆಚ್ಚು ಉಲ್ಲೇಖಗೊಳ್ಳುತ್ತವೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂಬತ್ತು-ಹತ್ತು ವರ್ಷದ 20 ಮಕ್ಕಳು 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದ ನಂತರ, ಗೊಂದಲ ಹುಟ್ಟಿಸುವ ಸಂಕೇತಗಳ ನಡುವೆ ಸರಿಯಾದದ್ದನ್ನು ಆರಿಸುವ ಪರೀಕ್ಷೆಯಲ್ಲಿ ಸುಮ್ಮನೆ ಕುಳಿತಿದ್ದ ದಿನಕ್ಕಿಂತ ಚೆನ್ನಾಗಿ ಉತ್ತರಿಸಿದರು. ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿಯೂ ಮುಂದಿದ್ದರು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ದೊಡ್ಡದು. ಅದರಲ್ಲಿ 221 ಮಕ್ಕಳಿದ್ದರು. ಶಾಲೆ ಬಿಟ್ಟ ನಂತರ ಒಂಬತ್ತು ತಿಂಗಳು ವ್ಯಾಯಾಮ ಮಾಡಿದವರಲ್ಲಿ ತಮ್ಮನ್ನು ತಾವು ತಡೆದುಕೊಳ್ಳುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸನ್ನು ಹೊರಳಿಸುವ ಸಾಮರ್ಥ್ಯ ಹೆಚ್ಚಿತ್ತು. ಇವು ಒಳ್ಳೆಯ ಅಧ್ಯಯನಗಳೇ. ಆದರೆ ಮೊದಲನೆಯದು ಪ್ರಯೋಗಾಲಯದ್ದು, ಎರಡನೆಯದು ಶಾಲೆಯ ಅವಧಿಯ ಹೊರಗಿನದು. ನಲವತ್ತೈದು ಮಕ್ಕಳಿರುವ ಕೊಠಡಿಯಲ್ಲಿ ಐದು ನಿಮಿಷ ಕೈ ಎತ್ತಿ ಇಳಿಸಿದರೂ ಇದೇ ಫಲ ಸಿಗುತ್ತದೆ ಎನ್ನಲು ಇವನ್ನು ಬಳಸುವಂತಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಬೇಕು. 40 ನಿಮಿಷದ ಪೀರಿಯಡ್ಡಿನಲ್ಲಿ 10 ನಿಮಿಷ ಚಟುವಟಿಕೆಗೆ ಹೋದರೆ 30 ನಿಮಿಷ ಉಳಿಯುತ್ತದೆ. ಗಮನ ಶೇ 8ರಷ್ಟು ಹೆಚ್ಚಾದರೆ ಮರಳಿ ಸಿಗುವುದು ಎರಡೂವರೆ ನಿಮಿಷಕ್ಕಿಂತ ಕಡಿಮೆ. ಮುಂದಿನ ಪೀರಿಯಡ್ಡಿಗೂ ಅದೇ ಪರಿಣಾಮ ಮುಂದುವರಿಯುತ್ತದೆ ಎಂದು ಉದಾರವಾಗಿ ಭಾವಿಸಿದರೂ ಐದೂವರೆ ನಿಮಿಷ ಆದೀತು. ಅಂದರೆ ಪಾಠಕ್ಕೆ ಸಂಬಂಧವೇ ಇಲ್ಲದ ಹತ್ತು ನಿಮಿಷದ ವಿರಾಮವು ತಾನು ತೆಗೆದುಕೊಂಡ ಹೊತ್ತನ್ನು ಗಮನದ ರೂಪದಲ್ಲಿ ಪೂರ್ತಿ ಹಿಂತಿರುಗಿಸುವುದಿಲ್ಲ. ಮೂರು ನಿಮಿಷದ್ದಾದರೆ ಹಿಂತಿರುಗಿಸಬಹುದು. ಇಲ್ಲವೇ ಆ ಹತ್ತು ನಿಮಿಷದಲ್ಲಿ ಪಾಠವೂ ನಡೆಯಬೇಕು. ಮೂರನೆಯ ಬಗೆಯ ಚಟುವಟಿಕೆಯ ಮಹತ್ವ ಇರುವುದು ಇಲ್ಲಿಯೇ.

ಜಿಗಿಯುತ್ತ ಕಲಿಯುವ ಕಾಗುಣಿತ

ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಸಂಶೋಧಕರು 12 ಶಾಲೆಗಳ 499 ಮಕ್ಕಳೊಂದಿಗೆ ಎರಡು ವರ್ಷ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದಲ್ಲಿ ಅತ್ಯಂತ ಎಚ್ಚರದಿಂದ ಮಾಡಿದವುಗಳಲ್ಲಿ ಒಂದು. ಎರಡನೇ ಮತ್ತು ಮೂರನೇ ತರಗತಿಯ ಮಕ್ಕಳಿಗೆ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ 20ರಿಂದ 30 ನಿಮಿಷ, ವರ್ಷಕ್ಕೆ 22 ವಾರ ಇಂಥ ಪಾಠ ನಡೆಯಿತು. ವಿಧಾನ ತೀರ ಸರಳ: ಎರಡು ನಾಲ್ಕಲಿ ಎಷ್ಟೆಂದು ಕೇಳಿದರೆ ಮಕ್ಕಳು ತಮ್ಮ ಡೆಸ್ಕಿನ ಪಕ್ಕದಲ್ಲಿ ನಿಂತಲ್ಲೇ ಎಂಟು ಸಲ ಜಿಗಿಯಬೇಕು; ಪದವೊಂದರ ಅಕ್ಷರಗಳನ್ನು ಹೇಳುವಾಗ ಅಕ್ಷರಕ್ಕೊಂದು ಜಿಗಿತ. ಎರಡು ವರ್ಷದ ಕೊನೆಯಲ್ಲಿ ಗಣಿತ ಮತ್ತು ಪದಗಳ ಸರಿ ಬರವಣಿಗೆ ಎರಡರಲ್ಲಿಯೂ ಆ ಮಕ್ಕಳು ಉಳಿದವರಿಗಿಂತ ನಾಲ್ಕು ತಿಂಗಳಿಗೂ ಹೆಚ್ಚಿನ ಕಲಿಕೆಯಷ್ಟು ಮುಂದಿದ್ದರು. ಓದುವಿಕೆಯಲ್ಲಿ ಮಾತ್ರ ಯಾವ ವ್ಯತ್ಯಾಸವೂ ಬರಲಿಲ್ಲ.

ಓದುವಿಕೆಯಲ್ಲಿ ಬಾರದೆ ಮಗ್ಗಿಯಲ್ಲಿ ಮತ್ತು ಬರವಣಿಗೆಯಲ್ಲಿ ಏಕೆ ಬಂತು? ಮಗ್ಗಿ, ಕಾಗುಣಿತ ಎರಡೂ ಪದೇ ಪದೇ ಹೇಳಿ ಗಟ್ಟಿಮಾಡಿಕೊಳ್ಳಬೇಕಾದ ಸಂಗತಿಗಳು. ಅವು ತಾಳಕ್ಕೆ, ಎಣಿಕೆಗೆ, ಪುನರಾವರ್ತನೆಗೆ ಒಗ್ಗುತ್ತವೆ. ಎಲ್ಲರೂ ಒಟ್ಟಿಗೆ ಜಿಗಿಯುವಾಗ ಹಿಂದಿನ ಬೆಂಚಿನ ಮಗುವೂ ಬಾಯಿಬಿಟ್ಟು ಹೇಳುತ್ತದೆ, ತಪ್ಪಿದರೆ ಜಿಗಿತದಲ್ಲೇ ಗೊತ್ತಾಗುತ್ತದೆ. ಪ್ಯಾರಾ ಓದಿ ಅದರ ಅರ್ಥ ಹಿಡಿಯುವುದು ಹಾಗಲ್ಲ. ಅದಕ್ಕೆ ಮೈ ನಿಶ್ಚಲವಾಗಿರುವುದೇ ಅನುಕೂಲ. ಇದು ನನ್ನ ಊಹೆಯೇ ಹೊರತು ಆ ಅಧ್ಯಯನದ ತೀರ್ಮಾನವಲ್ಲ, ಆದರೆ ಪಾಠ ಹೇಳುವವರು ಒಪ್ಪಬಹುದೆಂದು ತೋರುತ್ತದೆ.

ಕನ್ನಡದ ಬರವಣಿಗೆಗೆ ಇದನ್ನು ಹೊಂದಿಸುವುದು ಕಷ್ಟವಲ್ಲ. ನಮ್ಮ ಮಕ್ಕಳು ಪ್ರಾಥಮಿಕ ಹಂತದಲ್ಲಿ ಹೆಚ್ಚಾಗಿ ಎಡವುವುದು ಒತ್ತಕ್ಷರ, ಮಹಾಪ್ರಾಣ ಮತ್ತು ದೀರ್ಘಗಳಲ್ಲಿ. ಅಕ್ಷರಕ್ಕೊಂದು ಜಿಗಿತ, ಒತ್ತು ಬಂದಾಗ ಕುಕ್ಕರಗಾಲಲ್ಲಿ ಕೂರುವುದು, ಮಹಾಪ್ರಾಣಕ್ಕೆ ಎರಡೂ ಕೈ ಮೇಲೆತ್ತುವುದು, ದೀರ್ಘಕ್ಕೆ ಕೈಗಳನ್ನು ಪಕ್ಕಕ್ಕೆ ಚಾಚುವುದು ಎಂದು ನಿಯಮ ಮಾಡಿಕೊಂಡರೆ ಸಾಕು. ‘ಅಭ್ಯಾಸ’ ಎಂಬ ಪದಕ್ಕೆ ಮೊದಲ ಜಿಗಿತ ‘ಅ’. ಎರಡನೆಯದಕ್ಕೆ ಜಿಗಿದು, ‘ಭ’ಕಾರಕ್ಕೆ ಕೈ ಮೇಲೆತ್ತಿ, ‘ಯ’ ಒತ್ತಿಗೆ ಕುಕ್ಕರಿಸಿ, ದೀರ್ಘಕ್ಕೆ ಕೈ ಚಾಚಿ ಏಳಬೇಕು. ಮೂರನೆಯ ಜಿಗಿತಕ್ಕೆ ‘ಸ’. ಅಬ್ಯಾಸ ಎಂದು ಬರೆಯುವ ಹುಡುಗ ಕೈ ಎತ್ತುವುದನ್ನು ಮರೆಯುತ್ತಾನೆ, ಅಭಾಸ ಎಂದು ಬರೆಯುವವಳು ಕೂರುವುದನ್ನು ಮರೆಯುತ್ತಾಳೆ. ಯಾರಿಗೆ ಯಾವುದು ಬಂದಿಲ್ಲವೆಂದು ನಲವತ್ತು ನೋಟ್‌ಬುಕ್ ತಿದ್ದದೆಯೇ ಶಿಕ್ಷಕರಿಗೆ ಕಾಣುತ್ತದೆ. ಹತ್ತು ಪದಗಳಿಗೆ ಏಳೆಂಟು ನಿಮಿಷ ಬೇಕು, ಉಸಿರೂ ತುಸು ಏರುತ್ತದೆ.

ಸಂಖ್ಯೆಗಳ ವಿಷಯದಲ್ಲಿಯೂ ಇಂಥದೇ ಆಧಾರವಿದೆ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ 2011ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ಶಿಶುವಿಹಾರದ ಮಕ್ಕಳು ನೃತ್ಯದ ಚಾಪೆಯೊಂದರ ಮೇಲೆ ಎಡಕ್ಕೋ ಬಲಕ್ಕೋ ಹೆಜ್ಜೆಯಿಟ್ಟು ಯಾವ ಸಂಖ್ಯೆ ದೊಡ್ಡದು ಎಂದು ತೋರಿಸಿದರು. ಅದೇ ಅಭ್ಯಾಸವನ್ನು ಕುಳಿತು ಮಾಡಿದಾಗಿನದಕ್ಕಿಂತ, ಹೆಜ್ಜೆಯಿಟ್ಟು ಮಾಡಿದಾಗ ಸಂಖ್ಯಾರೇಖೆಯ ಮೇಲೆ ಸಂಖ್ಯೆಯ ಸ್ಥಾನ ಗುರುತಿಸುವುದು ಹೆಚ್ಚು ಸುಧಾರಿಸಿತು. ವರಾಂಡದ ನೆಲದ ಮೇಲೆ ಸೀಮೆಸುಣ್ಣದಿಂದ ಸಂಖ್ಯಾರೇಖೆ ಬರೆದು, ಸೊನ್ನೆಯಿಂದ ಬಲಕ್ಕೆ ಧನ, ಎಡಕ್ಕೆ ಋಣ ಎಂದು ನಡೆಸಿದರೆ ಪೂರ್ಣಾಂಕಗಳ ಸಂಕಲನ ಅರ್ಥವಾಗುವ ಬಗೆಯೇ ಬೇರೆ. ಕುಂಟಾಬಿಲ್ಲೆಯ ಮನೆಗಳನ್ನು ಬರೆಯಬಲ್ಲ ಯಾವ ಮಗುವಿಗೂ ಇದನ್ನು ಬರೆಯಲು ಹೇಳಿಕೊಡಬೇಕಾಗಿಲ್ಲ.

ಆದರೆ ಇದು ಎಲ್ಲ ಮಕ್ಕಳಿಗೂ ಸಮನಾಗಿ ಫಲ ಕೊಡುತ್ತದೆ ಎನ್ನುವಂತಿಲ್ಲ. ಕೋಪನ್‌ಹೇಗನ್‌ನಲ್ಲಿ 165 ಮಕ್ಕಳ ಮೇಲೆ ಆರು ವಾರ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಡೀ ಮೈ ಚಲಿಸುತ್ತ ಗಣಿತ ಕಲಿತವರಲ್ಲಿ ಸಾಮಾನ್ಯ ಮಟ್ಟದ ಮಕ್ಕಳು ಮುಂದೆ ಬಂದರು. ಗಣಿತದಲ್ಲಿ ಮೊದಲೇ ಹಿಂದುಳಿದಿದ್ದ ಮಕ್ಕಳಿಗೆ ಮಾತ್ರ ಪ್ರಯೋಜನವಾಗಲಿಲ್ಲ. ಲೆಕ್ಕವೂ ಕಷ್ಟ, ಜೊತೆಗೆ ಹೆಜ್ಜೆಯ ಕಡೆಗೂ ಗಮನ ಬೇಕು ಎಂದಾಗ ಆ ಮಗುವಿಗೆ ಹೊರೆ ಇಮ್ಮಡಿಯಾಗಿರಬಹುದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಅನುಭವ ಇನ್ನೂ ಎಚ್ಚರ ಹೇಳುವಂಥದ್ದು. ಅಲ್ಲಿ 24 ಶಾಲೆಗಳಲ್ಲಿ ಮೂರು ವರ್ಷ ನಡೆದು 2009ರಲ್ಲಿ ವರದಿಯಾದ ಪ್ರಯೋಗದಲ್ಲಿ ಚಟುವಟಿಕೆಯ ಪಾಠಗಳಿಂದ ಕಲಿಕೆಯ ಮಟ್ಟ ಏರಿದೆ ಎಂದು ಕಂಡಿತು. ಅದೇ ಸಂಶೋಧಕರು ಕಲಿಕೆಯನ್ನೇ ಮುಖ್ಯ ಅಳತೆಯಾಗಿಸಿಕೊಂಡು 17 ಶಾಲೆಗಳಲ್ಲಿ ಮತ್ತೆ ಮೂರು ವರ್ಷ ನಡೆಸಿ 2017ರಲ್ಲಿ ಪ್ರಕಟಿಸಿದಾಗ ಏರಿಕೆಯೂ ಇರಲಿಲ್ಲ, ಇಳಿಕೆಯೂ ಇರಲಿಲ್ಲ. ಎರಡನೆಯ ಸಲ ಶಿಕ್ಷಕರು ವಾರಕ್ಕೆ ಯೋಜಿಸಿದ್ದ 100 ನಿಮಿಷದಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ನಡೆಸಲು ಸಾಧ್ಯವಾಗಿತ್ತು. ಸುತ್ತೋಲೆಯಲ್ಲಿ ಇರುವ ನಿಮಿಷಕ್ಕೂ ಕೊಠಡಿಯಲ್ಲಿ ನಡೆಯುವ ನಿಮಿಷಕ್ಕೂ ಇರುವ ಅಂತರ ನಮ್ಮಲ್ಲಿ ಮಾತ್ರ ಇರುವ ವಿಶೇಷವಲ್ಲ.

ತೂಕ ಇಳಿಯುವುದಿಲ್ಲ, ಆದರೂ ಆರೋಗ್ಯಕ್ಕೆ ಲಾಭವಿದೆ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರೇರುವ ಮಟ್ಟದ ಚಟುವಟಿಕೆ ಬೇಕು. ಅದೇ ಸಂಸ್ಥೆಯ ಸಂಶೋಧಕರು 146 ದೇಶಗಳ 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯಿಂದ ಲೆಕ್ಕ ಹಾಕಿದಂತೆ, 2016ರಲ್ಲಿ 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಂದಿ ಈ ಮಟ್ಟವನ್ನು ಮುಟ್ಟಿರಲಿಲ್ಲ. ಹುಡುಗಿಯರಲ್ಲಿ ಈ ಪ್ರಮಾಣ ಶೇ 85, ಹುಡುಗರಲ್ಲಿ ಶೇ 78. ತರಗತಿಯೊಳಗಿನ ಹತ್ತು-ಹದಿನೈದು ನಿಮಿಷ ಈ ಅರವತ್ತರ ಒಂದು ಚೂರು ಮಾತ್ರ.

ಆದ್ದರಿಂದ ಅದರಿಂದ ತೂಕ ಇಳಿಯಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಹತ್ತು ನಿಮಿಷದ ಸಾಧಾರಣ ಚಟುವಟಿಕೆಯಲ್ಲಿ ಮಗು ವ್ಯಯಿಸುವ ಶಕ್ತಿ ಒಂದೆರಡು ಗ್ಲೂಕೋಸ್ ಬಿಸ್ಕತ್ತಿನಲ್ಲಿ ಮರಳಿ ಬರುತ್ತದೆ. ಕ್ಯಾನ್ಸಸ್‌ನ ಮೊದಲ ಪ್ರಯೋಗದಲ್ಲಿಯೂ ಒಟ್ಟಾರೆ ತೂಕ-ಎತ್ತರದ ಅನುಪಾತದಲ್ಲಿ ವ್ಯತ್ಯಾಸ ಬರಲಿಲ್ಲ. ವಾರಕ್ಕೆ 75 ನಿಮಿಷಕ್ಕಿಂತ ಹೆಚ್ಚು ನಡೆಸಿದ ಶಾಲೆಗಳಲ್ಲಿ ಮಾತ್ರ ಅದರ ಏರಿಕೆ ತುಸು ನಿಧಾನವಾಗಿತ್ತು. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ ಎಲೇನ್ ವೈಲಿ ಎಂಬ ಮುಖ್ಯ ಶಿಕ್ಷಕಿ 2012ರಲ್ಲಿ ಶುರುಮಾಡಿದ ‘ಡೈಲಿ ಮೈಲ್’, ಅಂದರೆ ದಿನಕ್ಕೆ 15 ನಿಮಿಷ ಎಲ್ಲ ಮಕ್ಕಳೂ ಹೊರಗೆ ಓಡಿ ಅಥವಾ ನಡೆದು ಬರುವ ಪದ್ಧತಿ, ಹಲವು ದೇಶಗಳಿಗೆ ಹಬ್ಬಿದೆ. ಅದರಿಂದ ಮಕ್ಕಳ ದಮ್ಮು ಸುಧಾರಿಸಿದ್ದು ಕಂಡಿದೆ. ಆದರೆ ಬರ್ಮಿಂಗ್‌ಹ್ಯಾಮ್‌ನ 40 ಶಾಲೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವರ್ಷದ ನಂತರ ತೂಕದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಇರಲಿಲ್ಲ.

ಹಾಗಾದರೆ ಆರೋಗ್ಯದ ಲಾಭ ಎಲ್ಲಿದೆ? ಒಂದು, ಮೂಳೆಯಲ್ಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮಕ್ಕಳು ಬೆಲ್ ಹೊಡೆದಾಗ ನಿಂತಲ್ಲೇ ಹತ್ತು ಸಲ ಜೋರಾಗಿ ಜಿಗಿಯಬೇಕು, ದಿನಕ್ಕೆ ಮೂರು ಸಲ ಎಂಬ ಪ್ರಯೋಗ ಎಂಟು ತಿಂಗಳು ನಡೆಯಿತು. ದಿನಕ್ಕೆ ಒಟ್ಟು ಮೂರು ನಿಮಿಷದ ಆ ಜಿಗಿತದಿಂದ ಅವರ ಸೊಂಟದ ಕೀಲಿನ ಭಾಗದ ಮೂಳೆಯ ಖನಿಜಾಂಶ ಉಳಿದವರಿಗಿಂತ ಹೆಚ್ಚು ಬೆಳೆಯಿತು ಎಂದು 2005ರಲ್ಲಿ ವರದಿಯಾಯಿತು. ಕೊಠಡಿ, ಉಪಕರಣ, ಪಿ.ಟಿ. ಮೇಷ್ಟ್ರು ಯಾವುದೂ ಬೇಡದ ಇಷ್ಟು ಅಗ್ಗದ ಪ್ರಯೋಗ ಇನ್ನೊಂದಿಲ್ಲ. ಎರಡು, ರಕ್ತದ ಸಕ್ಕರೆಯಲ್ಲಿ. 7ರಿಂದ 11 ವರ್ಷದ 28 ಆರೋಗ್ಯವಂತ ಮಕ್ಕಳನ್ನು ಮೂರು ಗಂಟೆ ಕೂರಿಸಿ ಅಮೆರಿಕದಲ್ಲಿ 2015ರಲ್ಲಿ ಮಾಡಿದ ಪರೀಕ್ಷೆಯಲ್ಲಿ, ಅರ್ಧ ಗಂಟೆಗೊಮ್ಮೆ ಮೂರು ನಿಮಿಷ ನಡೆದ ದಿನ ಸಕ್ಕರೆ ಮತ್ತು ಇನ್ಸುಲಿನ್ ಎರಡೂ ಕಡಿಮೆಯಿದ್ದವು. ಇದು ಒಂದು ದಿನದ ಅಳತೆ ಎಂಬುದು ನಿಜ. ಆದರೆ ಭಾರತದಲ್ಲಿ 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯು 5ರಿಂದ 9 ವರ್ಷದ ಮಕ್ಕಳಲ್ಲಿಯೇ ಶೇ 10ರಷ್ಟು ಮಂದಿಯನ್ನು ಮಧುಮೇಹದ ಪೂರ್ವಸ್ಥಿತಿಯಲ್ಲಿ ಕಂಡಿರುವಾಗ, ಸತತವಾಗಿ ಕೂರುವುದನ್ನು ಮುರಿಯುವ ಮೂರು ನಿಮಿಷವನ್ನು ಕಡೆಗಣಿಸುವಂತಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಮುಖವನ್ನೂ ನೋಡಬೇಕು. ಆ ವಯಸ್ಸಿನ ಮಕ್ಕಳಲ್ಲಿ ಶೇ 22ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸುಮಾರು ನಾಲ್ಕನೇ ಒಂದು ಭಾಗ ರಕ್ತಹೀನತೆ ಇರುವವರು. ನೆದರ್ಲೆಂಡ್ಸ್ ಅಥವಾ ಕ್ಯಾನ್ಸಸ್‌ನ ಪ್ರಯೋಗಗಳು ಇಂಥ ಮಕ್ಕಳ ಮೇಲೆ ನಡೆದವಲ್ಲ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಎರಡು ಮೈಲಿ ನಡೆದು ಬಂದ ರಾಯಚೂರಿನ ಹಳ್ಳಿಯ ಮಗುವಿಗೆ ಹನ್ನೆರಡೂವರೆಗೆ, ಬಿಸಿಯೂಟಕ್ಕೆ ಮುಂಚೆ, ಬಿಸಿಲೇರಿದ ಕೊಠಡಿಯಲ್ಲಿ ಜಿಗಿಯಲು ಹೇಳುವುದು ವಿವೇಕವಲ್ಲ. ಕ್ಷೀರಭಾಗ್ಯದ ಹಾಲು ಕುಡಿದ ನಂತರದ ಪೀರಿಯಡ್ಡು ಅದಕ್ಕೆ ಸರಿಯಾದ ಹೊತ್ತು. ಮಧ್ಯಾಹ್ನ ಊಟವಾಗಿ ಕಣ್ಣು ಎಳೆಯುವ ಹೊತ್ತಿನಲ್ಲಿ ಎದ್ದು ನಡೆಯುವಂಥ ಹಗುರ ಚಟುವಟಿಕೆ ಸಾಕು.

ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ನಿವಾರಿಸಬಹುದು. ಮಕ್ಕಳ ಸಮೀಪದೃಷ್ಟಿ ದೋಷ ಕಡಿಮೆಯಾಗುತ್ತದೆಂಬ ಮಾತು ತರಗತಿಯ ಚಟುವಟಿಕೆಗೆ ಅನ್ವಯಿಸುವುದಿಲ್ಲ. ಚೀನಾದ ಗುವಾಂಗ್‌ಝೌ ನಗರದಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದಲ್ಲಿ ಕಳೆದ ಮಕ್ಕಳಲ್ಲಿ ಮೂರು ವರ್ಷದಲ್ಲಿ ಶೇ 30.4ರಷ್ಟು ಮಂದಿಗೆ ಮಾತ್ರ ಆ ದೋಷ ಬಂದಿತ್ತು, ಉಳಿದವರಲ್ಲಿ ಶೇ 39.5ರಷ್ಟು ಮಂದಿಗೆ. ಅಲ್ಲಿ ಕೆಲಸ ಮಾಡಿದ್ದು ಬಯಲಿನ ಬೆಳಕು ಎಂಬುದು ಹೆಚ್ಚಿನ ತಜ್ಞರ ಅಭಿಪ್ರಾಯ. ತರಗತಿಯ ಚಟುವಟಿಕೆ ಎಂದಿಗೂ ಮೈದಾನಕ್ಕೆ ಬದಲಿಯಾಗಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆದರೆ ಬದಲಿಯಾಗಿ ಬಳಸಿಕೊಳ್ಳುವ ಅಪಾಯ ನಮ್ಮಲ್ಲಿ ನಿಜವಾಗಿಯೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ ಕಡ್ಡಾಯ. ಮೈದಾನವಿಲ್ಲದೆ ಶಾಲೆ ಇರಲಾಗದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಹೇಳಿತು. ಹೀಗಿದ್ದರೂ ಬೆಂಗಳೂರಿನ ಬಡಾವಣೆಗಳಲ್ಲಿ ಮೂರು ಮಹಡಿಯ ಕಟ್ಟಡವೇ ಶಾಲೆ, ಅದರ ತಾರಸಿಯೇ ಮೈದಾನ ಎಂಬಂತೆ ನಡೆಯುವ ಸಂಸ್ಥೆಗಳಿವೆ. ತರಗತಿಯಲ್ಲೇ ವ್ಯಾಯಾಮವಾಯಿತು ಎಂದು ಅಂಥವರು ಕೈತೊಳೆದುಕೊಳ್ಳಲು ಬಿಡಬಾರದು.

ನಲಿ-ಕಲಿ ಮುಗಿದ ಮೇಲೆ

ಕರ್ನಾಟಕಕ್ಕೆ ಈ ವಿಷಯ ಹೊರಗಿನಿಂದ ಬಂದದ್ದೇನೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿ ಬಂದ ಶಿಕ್ಷಕರು ರೂಪಿಸಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿ 2009ರಿಂದ ಹಂತಹಂತವಾಗಿ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗಳಿಗೆ ವಿಸ್ತರಿಸಿತು. ಅಲ್ಲಿ ಬೆಂಚುಗಳಿಲ್ಲ. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಯಾವುದೆಂದು ನೋಡಿ, ಕಾರ್ಡು ತೆಗೆದುಕೊಂಡು, ಅದಕ್ಕೆ ತಕ್ಕ ಗುಂಪಿಗೆ ಹೋಗಿ ಕೂರುತ್ತದೆ. ಕೆಲಸ ಮುಗಿದರೆ ಎದ್ದು ಇನ್ನೊಂದು ಗುಂಪಿಗೆ ಹೋಗುತ್ತದೆ. ಗೋಡೆಯ ಕೆಳಭಾಗದ ಕಪ್ಪುಹಲಗೆಯಲ್ಲಿ ತನ್ನ ಜಾಗದಲ್ಲಿ ಬರೆಯುತ್ತದೆ. ಹಾಡು, ಅಭಿನಯ ಪಾಠದ ಭಾಗವೇ ಆಗಿವೆ. ದೈಹಿಕ ಚಟುವಟಿಕೆ ಎಂಬ ಹೆಸರಿಲ್ಲದೆಯೇ ಅಲ್ಲಿ ಮಗು ದಿನವಿಡೀ ಎದ್ದು ಕೂರುತ್ತಿರುತ್ತದೆ. ನಲಿ-ಕಲಿಯ ಕಲಿಕಾ ಮಟ್ಟದ ಬಗ್ಗೆ ತಕರಾರುಗಳಿವೆ, ಅವು ಬೇರೆ ಚರ್ಚೆ.

ಆದರೆ ಅದೇ ಮಗು ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಏನಾಗುತ್ತದೆ ಎಂಬುದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಜೂನ್ ತಿಂಗಳ ಒಂದು ದಿನದಿಂದ ಏಣಿಯಿಲ್ಲ, ಕಾರ್ಡಿಲ್ಲ. ಪಠ್ಯಪುಸ್ತಕ, ಬೆಂಚು, ‘ಕೈ ಕಟ್, ಬಾಯ್ ಮುಚ್’. ಎದ್ದು ಓಡಾಡುವುದು ಕಲಿಕೆಯೆಂದು ಮೂರು ವರ್ಷ ಹೇಳಿಕೊಟ್ಟ ಶಾಲೆಯೇ ನಾಲ್ಕನೇ ವರ್ಷ ಅದನ್ನು ಶಿಸ್ತಿನ ಉಲ್ಲಂಘನೆ ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ದೇಸಿ ಆಟಗಳನ್ನೂ ಬಳಸಿಕೊಂಡು ಕ್ರೀಡೆಯನ್ನು ಪಾಠದೊಂದಿಗೆ ಬೆಸೆಯಬೇಕೆಂದು ಹೇಳುತ್ತದೆ. ಕರ್ನಾಟಕದಲ್ಲಿ ಬ್ಯಾಗ್‌ರಹಿತ ಸಂಭ್ರಮ ಶನಿವಾರವೂ ಬಂದಿದೆ. ತಿಂಗಳಿಗೊಂದು ಶನಿವಾರ ಸಂಭ್ರಮಿಸುವುದಕ್ಕೂ ಪ್ರತಿದಿನ ಹತ್ತು ನಿಮಿಷ ಎದ್ದು ಕಲಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಪುರಾವೆ ಇರುವುದು ಎರಡನೆಯದಕ್ಕೆ.

ಶಿಕ್ಷಕರ ಹಿಂಜರಿಕೆಗೆ ಕಾರಣಗಳಿವೆ. ನಾಲ್ವರು ಕೂರುವ ಉದ್ದನೆಯ ಡೆಸ್ಕಿನಲ್ಲಿ ಗೋಡೆಗೆ ಅಂಟಿ ಕುಳಿತ ಮಗು ಎದ್ದು ನಿಲ್ಲಬಲ್ಲದೇ ಹೊರತು ಜಿಗಿಯಲಾರದು. ಪಕ್ಕದ ಕೊಠಡಿಯವರಿಗೆ ಸದ್ದು ತೊಂದರೆ, “ಮೇಡಂ, ನಿಮ್ಮ ಕ್ಲಾಸಲ್ಲಿ ಏನದು ಗಲಾಟೆ?” ಎಂದು ಮುಖ್ಯ ಶಿಕ್ಷಕರು ಬಾಗಿಲಲ್ಲಿ ನಿಂತು ಕೇಳಿದರೆ ಮರುದಿನ ಯಾರೂ ಆ ಸಾಹಸಕ್ಕೆ ಹೋಗುವುದಿಲ್ಲ. ಮೌನವಾದ ತರಗತಿಯೇ ಒಳ್ಳೆಯ ತರಗತಿ ಎಂಬ ಅಳತೆ ತಪಾಸಣೆಗೆ ಬರುವವರ ಮನಸ್ಸಿನಲ್ಲಿಯೂ ಇದೆ. ಇದಕ್ಕಿಂತ ಆಳದ ಕಾರಣವೊಂದಿದೆ. ನಮ್ಮ ತರಗತಿಗಳಲ್ಲಿ ಮೈ ಆಡಿಸುವುದು ಬಹುಕಾಲದಿಂದ ಶಿಕ್ಷೆಯ ರೂಪದಲ್ಲಿಯೇ ಇತ್ತು: ಬಸ್ಕಿ ಹೊಡೆಸುವುದು, ಬೆಂಚಿನ ಮೇಲೆ ನಿಲ್ಲಿಸುವುದು, ಮೈದಾನ ಸುತ್ತು ಓಡಿಸುವುದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ್ದರೂ ಆ ನೆನಪು ಶಿಕ್ಷಕರಲ್ಲಿಯೂ ಪೋಷಕರಲ್ಲಿಯೂ ಉಳಿದಿದೆ. ಒತ್ತಕ್ಷರಕ್ಕೆ ಕುಕ್ಕರಿಸಿ ಏಳುವ ಆಟವನ್ನು ಕಿಟಕಿಯಿಂದ ನೋಡಿದ ಪೋಷಕರೊಬ್ಬರು ಮಕ್ಕಳಿಗೆ ಬಸ್ಕಿ ಹೊಡೆಸುತ್ತಿದ್ದಾರೆ ಎಂದುಕೊಂಡರೆ ಆಶ್ಚರ್ಯವಿಲ್ಲ. ತಪ್ಪಿದ ಮಗುವಿಗೆ ಹೆಚ್ಚುವರಿ ಜಿಗಿತ ಕೊಡುವ ಅಭ್ಯಾಸವಂತೂ ಎಂದಿಗೂ ಬೆಳೆಯಬಾರದು; ಹಾಗೆ ಮಾಡಿದ ದಿನವೇ ಇದು ಹಳೆಯ ಶಿಕ್ಷೆಯಾಗಿ ಮಾರ್ಪಡುತ್ತದೆ.

ಹುಡುಗಿಯರ ವಿಷಯದಲ್ಲಿ ಮಾತ್ರ ತರಗತಿಯ ಚಟುವಟಿಕೆಗೆ ಮೈದಾನಕ್ಕಿಂತ ಒಂದು ಅನುಕೂಲ ಹೆಚ್ಚು. ಆರು, ಏಳನೇ ತರಗತಿ ದಾಟಿದ ಮೇಲೆ ಹಳ್ಳಿಯ ಶಾಲೆಗಳಲ್ಲಿ ಮೈದಾನ ಹುಡುಗರದ್ದಾಗುತ್ತದೆ. ಹುಡುಗಿಯರು ಮೆಟ್ಟಿಲ ಮೇಲೆ ಕುಳಿತು ನೋಡುತ್ತಾರೆ. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಎದ್ದಾಗ ಹೊರಗುಳಿಯುವ ಪ್ರಶ್ನೆ ಬರುವುದಿಲ್ಲ. ಆಟದಲ್ಲಿ ಆಯ್ಕೆಯಾಗದ, ಕಾಲಿಗೆ ತೊಂದರೆಯಿರುವ, ದಪ್ಪಗಿದ್ದಾನೆಂದು ತಂಡಕ್ಕೆ ಸೇರಿಸಿಕೊಳ್ಳದ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ, ನಿಂತು ಮಾಡುವುದನ್ನು ಕೂತೂ ಮಾಡುವಂತೆ ನಿಯಮ ಬದಲಿಸಿಕೊಂಡರೆ.

ರಾಜ್ಯ ಈಗ ಮಾಡಬಹುದಾದದ್ದು ದೊಡ್ಡ ಯೋಜನೆಯ ಘೋಷಣೆಯಲ್ಲ. ದೈಹಿಕ ಶಿಕ್ಷಣ ಶಿಕ್ಷಕರು ತಮ್ಮ ವಿಷಯದ ಸುಧಾರಣೆ ಕುರಿತ ವೈದ್ಯನಾಥನ್ ವರದಿಯ ಜಾರಿಗಾಗಿ ಹಲವು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಬೇಡಿಕೆಯನ್ನು ಬದಿಗೆ ಸರಿಸಲು ತರಗತಿಯ ಚಟುವಟಿಕೆ ನೆಪವಾಗದಿರಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು, ನಲಿ-ಕಲಿ ತರಬೇತಿ ಪಡೆದ ಶಿಕ್ಷಕರನ್ನೇ ಬಳಸಿಕೊಂಡು ಒಂದೊಂದು ತಾಲ್ಲೂಕಿನ ನಾಲ್ಕು ಮತ್ತು ಐದನೇ ತರಗತಿಗಳಲ್ಲಿ ಮಗ್ಗಿ, ಕಾಗುಣಿತ, ಸಂಖ್ಯಾರೇಖೆ ಇಂಥ ಆಯ್ದ ಪಾಠಗಳನ್ನು ಒಂದು ವರ್ಷ ಚಲನೆಯೊಂದಿಗೆ ನಡೆಸಿ ನೋಡಬಹುದು. ಅರ್ಧದಷ್ಟು ಶಾಲೆಗಳು ಎಂದಿನಂತೆ ಪಾಠ ಮಾಡಲಿ. ಅಳೆಯಬೇಕಾದದ್ದು ಪದಗಳ ಸರಿ ಬರವಣಿಗೆ, ಮಗ್ಗಿಯ ವೇಗ, ಮಧ್ಯಾಹ್ನದ ಪೀರಿಯಡ್ಡಿನ ಗಮನ, ಹಾಜರಾತಿ, ಮತ್ತು ಯೋಜಿಸಿದ ನಿಮಿಷಗಳಲ್ಲಿ ನಿಜವಾಗಿ ನಡೆದದ್ದೆಷ್ಟು ಎಂಬುದು. ಮೊದಲೇ ಹಿಂದುಳಿದಿರುವ ಮಕ್ಕಳ ಫಲಿತಾಂಶವನ್ನು ಸರಾಸರಿಯಲ್ಲಿ ಮುಳುಗಿಸದೆ ಪ್ರತ್ಯೇಕವಾಗಿ ಬರೆದಿಡಬೇಕು. ಕೋಪನ್‌ಹೇಗನ್‌ನಲ್ಲಿ ಆದದ್ದೇ ಇಲ್ಲಿಯೂ ಆದರೆ, ಆ ಮಕ್ಕಳಿಗೆ ಲೆಕ್ಕವನ್ನು ಮೊದಲು ಕುಳಿತು ಕಲಿಸಿ, ಗಟ್ಟಿಮಾಡಿಸುವ ಹಂತದಲ್ಲಿ ಮಾತ್ರ ಜಿಗಿಸಬೇಕಾಗುತ್ತದೆ.